ಒಂದು ಎನ್ನದ ಮಲಂಗಸಾಬರು

ತಿಕೋಟಾ ಸಂತೆಯಲ್ಲಿ ಮಲಂಗಸಾಬರು ಜೋಳ ಅಳೆಯುವುದನ್ನು ನೀವು ನೋಡಿಲ್ಲ ಅಂದರೆ ಏನೂ ನೋಡಿಲ್ಲ ಬಿಡಿ. ಒಂದು ಕೈಯಲ್ಲಿ ಸೇರು, ಇನ್ನೊಂದು ಕೈ ಮೇಲಿನ ಕಾಳು ಸವರಿ ಮಟ್ಟ ಮಾಡುತ್ತಿರುತ್ತದೆ. ದನಿ ಮಾತ್ರ ಕನಮಡಿ ರಸ್ತೆಯವರೆಗೂ ಕೇಳುತ್ತದೆ. ಮೊದಲ ಸೇರಿಗೆ ‘ಲಾಭ’ ಎನ್ನುತ್ತಾರೆ, ಆಮೇಲೆ ಎರಡು, ಮೂರು, ನಾಲ್ಕು. ರಾಶಿಯ ಮುಂದೆ ಕೂತವರು ಯಾರೂ ‘ಒಂದು’ ಎನ್ನುವುದಿಲ್ಲ. ಒಂದು ಅಂದರೆ ಕಾಳು ಒಂದಕ್ಕೇ ನಿಂತುಬಿಡುತ್ತದಂತೆ. ಮೂವತ್ತು ವರ್ಷದಿಂದ ಅವರ ಎಣಿಕೆ ಹೀಗೇ.

ಈ ದನಿಗೆ ಮೈಕು ಸಿಗಬೇಕೆಂಬುದು ಅವರ ಆಸೆ. ಅವರಿಗಿಂತ ಹೆಚ್ಚು ನನ್ನದು! ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ರೇವಪ್ಪನವರು ಕೊನೆಗೂ ಎಪ್ಪತ್ತನಾಲ್ಕನೇ ಇಸವಿಯ ಸೈಕಲ್ ರೇಸಿನಲ್ಲಿ ಅವರಿಂದ ಹೆಸರು ಕೂಗಿಸಲು ಒಪ್ಪಿದರು. ವಿಜಾಪುರದಿಂದ ತಿಕೋಟಾಕ್ಕೆ ರೇಸು. ಗೆದ್ದ ಹತ್ತು ಜನರ ಚೀಟಿ ಕೈಗೆ ಬರುತ್ತದೆ, ಅದರಲ್ಲಿ ಬರೀ ಅಂಕಿ, ಹೆಸರು, ಊರು. ಹತ್ತರಿಂದ ಶುರುಮಾಡಿ ಒಂದಕ್ಕೆ ಬಂದು ಮುಟ್ಟಬೇಕು. ತಪ್ಪದೆ ಓದಿದರೆ ಬಬಲೇಶ್ವರದ ರೇಸು, ಅದರ ಮುಂದಿನವೂ ಅವರವೇ. ತಪ್ಪಿದರೆ ಮತ್ತೆ ಸೇರು.

ಎಂಟು ದಿನ ತಾಲೀಮು ನಡೆಯಿತು. ಹೆಂಡತಿ ಬೀಬಿಜಾನ ರೊಟ್ಟಿ ಬಡಿಯುತ್ತ ಅಂಕಿ ಹೇಳುವಳು, ಇವರು ‘ನೇ ನಂಬರ’ ಸೇರಿಸಿ ಕೂಗುವರು. ಎರಡರವರೆಗೆ ಸರಾಗ. ಒಂದು ಬಂದಾಗ ಕೂಗು ನಿಂತುಬಿಡುತ್ತಿತ್ತು.

“ಕೈಯಾಗ ಸೇರ ಇಲ್ಲಲ್ಲರಿ, ಯಾಕ ಹೆದರ್ತೀರಿ?” ಎಂದು ಆಕೆ ನಕ್ಕಳಂತೆ.

ರೇಸಿನ ದಿನ ಸಂತೆಗೆ ಸಂತೆಯೇ ರಸ್ತೆಗೆ ಬಂದಿತ್ತು. ಸವಾರರು ಧೂಳಿನೊಳಗಿಂದ ಒಟ್ಟಿಗೇ ನುಗ್ಗಿದ್ದರಿಂದ ಮುಂದೆ ಯಾರಿದ್ದರೆಂದು ಯಾರಿಗೂ ಗೊತ್ತಾಗಲಿಲ್ಲ. ಚೀಟಿ ಬಂತು. ಹತ್ತನೇ ನಂಬರ, ಒಂಬತ್ತನೇ ನಂಬರ... ಅಬ್ಬಾ, ಏನು ದನಿ ಅದು! ಬೇವಿನ ಮರದ ಹಕ್ಕಿಗಳು ಎದ್ದವು. ಎರಡನೇ ನಂಬರ ವಿಜಾಪುರದ ಸಿಕಂದರ. ಜನ ಉಸಿರು ಹಿಡಿದರು. ಮಲಂಗಸಾಬರ ಎಡಗೈ ತಾನಾಗಿ ಮೇಲೆದ್ದು ಇಲ್ಲದ ಕಾಳನ್ನು ಸವರಿತು.

“ಲಾಭ. ಬಿಜ್ಜರಗಿಯ ಧೂಳಪ್ಪ.”

ರೇಸು ನಡೆಸುವ ಕಮಿಟಿಯ ಪಟ್ಟಣದವರು ಮುಖ ಮುಖ ನೋಡಿಕೊಂಡರು. ಮೊದಲ ಬಹುಮಾನ ಯಾರಿಗೂ ಇಲ್ಲವೇನೋ ಎಂದು ಒಬ್ಬರು ಕೇಳಿಯೂ ಬಿಟ್ಟರು. ರೇವಪ್ಪನವರು ಓಡಿಬಂದು ಮೈಕಿನ ಮೇಲೆ ಅಂಗೈ ಮುಚ್ಚಿದರು.

“ಒಂದನೇದ್ದು ಎಲ್ಲಿ ಹೋತ್ರಿ ಸಾಬ್ರ?”

“ಬಾಯಿ ಅಳತಿಗಿ ಹೋತ್ರಿ,” ಎಂದು ಮಲಂಗಸಾಬರು ಚೀಟಿ ಮಡಚಿ ವಾಪಸು ಕೊಟ್ಟರು. ನನಗಂತೂ ಅಳುವೇ ಬಂತು.

ಅಷ್ಟರಲ್ಲಿ ಜೋಳ ಮಾರುವ ಪರಸವ್ವ ಚೀಲದ ಮೇಲೆ ಹತ್ತಿ ನಿಂತಳು.

“ಬಿಜ್ಜರಗಿಗಿ ಲಾಭ ಬಂದೈತಿ, ಇನ್ನೇನ ನೋಡ್ತೀರಿ? ಎತ್ರಲೇ ಅವನ್ನ.”

ಅಳತೆಯ ಎದುರು ಕೂತು ಬೆಳೆದವರಿಗೆ ಬೇರೆ ಅರ್ಥ ಹೇಳಬೇಕೆ? ಧೂಳಪ್ಪನನ್ನು ಸೈಕಲ್ ಸಮೇತ ಎತ್ತಿದರು. ಇನ್ನೊಮ್ಮೆ ಕೂಗಿಸಿ ಎಂದು ಗದ್ದಲವೋ ಗದ್ದಲ. ಬಬಲೇಶ್ವರದಿಂದ ಬಂದವರು ರೇವಪ್ಪನವರನ್ನು ಸುತ್ತುವರಿದು, ತಮ್ಮ ರೇಸಿಗೂ ಇದೇ ಸಾಬರು ಬೇಕೆಂದು ಪಟ್ಟು ಹಿಡಿದರು.

ರೇವಪ್ಪನವರು ಮೈಕಿನ ಮೇಲಿನ ಅಂಗೈ ತೆಗೆದು, ಮೈಕನ್ನು ಸಾಬರ ಕೈಗಿಟ್ಟರು.

“ಬಬಲೇಶ್ವರದಾಗ ಒಂದಕ್ಕ ಒಂದ ಅಂದ್ರ ಮಾತ್ರ ಮೈಕ ಕಸಗೋತೀನಿ ನೋಡ್ರಿ.”

ಮಲಂಗಸಾಬರು ಎಡಗೈ ಮೇಲೆತ್ತಿದರು. “ಲಾಭ!” ಎಂದು ಕೂಗಿದ್ದು ಕನಮಡಿ ರಸ್ತೆಯವರೆಗೂ ಕೇಳಿತು.