ಪಡುವಣ ಕೋಣೆಯ ಪರವಾಗಿ

ಕಾಪರ್ ಫೋರ್ಕ್ ಊರಿನಲ್ಲಿ ಹಿಲ್ಯಾ ಕಂಗಾಸ್‌ಳ ಕೈಗೆ ತಲೆ ಕೊಡದವರು ಕಡಿಮೆ. ಗಂಡ ತೀರಿಕೊಂಡ ಮೇಲೆ ಅವಳು ಮನೆಯ ಮುಂದಿನ ಕೋಣೆಯಲ್ಲೇ ಒಂದು ದೊಡ್ಡ ಕನ್ನಡಿ ಹಾಕಿ, ಎರಡು ಕುರ್ಚಿ ಇಟ್ಟು, ಕೂದಲು ಕತ್ತರಿಸುವ ಅಂಗಡಿ ತೆರೆದಿದ್ದಳು. ಮಾತು ಕಡಿಮೆ, ಕಿವಿ ಚುರುಕು. ಕುರ್ಚಿಯಲ್ಲಿ ಕೂತವರು ಹೇಳಿದ್ದು ಕತ್ತರಿಸಿದ ಕೂದಲಿನ ಜೊತೆಗೇ ಗುಡಿಸಿಹೋಗುತ್ತದೆ ಎಂಬ ನಂಬಿಕೆ ಊರಿಗಿತ್ತು.

ತಾಮ್ರದ ಗಣಿ ಮುಚ್ಚಿ ಬಹಳ ಕಾಲವಾಗಿತ್ತು. ಗಂಡಸರು ಮರ ಕಡಿಯಲು ಕಾಡಿಗೆ ಹೋಗುತ್ತಿದ್ದರು. ಊರು ಅಂತ ಉಳಿದದ್ದೆಂದರೆ ಚರ್ಚು, ಅಂಚೆ ಕಚೇರಿ, ಕೆಂಪು ಕಲ್ಲಿನ ಶಾಲೆ. ಆ ಶಾಲೆಯ ಕೆಳಗೇ ಹಳೆಯ ಸುರಂಗಗಳು ಹಾದುಹೋಗಿದ್ದವು. ಹಿಲ್ಯಾ ಹುಡುಗಿಯಾಗಿದ್ದಾಗ ಅದರಲ್ಲೊಂದು ಕುಸಿದು, ಒಳಗಿದ್ದವರನ್ನು ಮೇಲೆ ತರಲಾಗದೆ ಹಾಗೆಯೇ ಬಿಟ್ಟಿದ್ದರು. ಅವಳ ಅಪ್ಪ ಅವರಲ್ಲೊಬ್ಬ. ಆ ವಿಷಯ ಯಾರೂ ಆಡುತ್ತಿರಲಿಲ್ಲ, ಅವಳೂ ಆಡುತ್ತಿರಲಿಲ್ಲ.

ಜನವರಿಯ ಒಂದು ಬೆಳಿಗ್ಗೆ ಎರಡನೇ ಕ್ಲಾಸಿನ ಸಿರ್ಕಾ ಎಂಬ ಹುಡುಗಿ ಕೂದಲು ಕತ್ತರಿಸಿಕೊಳ್ಳಲು ಬಂದಳು. ಮಗು ಅಲುಗಾಡದಿರಲೆಂದು ಹಿಲ್ಯಾ, ನಿಮ್ಮ ಕ್ಲಾಸಿನಲ್ಲಿ ಎಷ್ಟು ಜನ ಮಕ್ಕಳು ಎಂದು ಕೇಳಿದಳು.

"ನಾವು ಹದಿನಾಲ್ಕು ಜನ," ಎಂದಳು ಸಿರ್ಕಾ ಕನ್ನಡಿ ನೋಡುತ್ತ. "ಕೆಳಗಿನವ್ರನ್ನೂ ಸೇರಿಸಿದ್ರೆ ಜಾಸ್ತಿ ಆಗ್ತಾರೆ."

"ಕೆಳಗಿನವ್ರು ಯಾರಮ್ಮ?"

"ನೆಲದ ಕೆಳಗಿನವ್ರು. ಮಧ್ಯಾಹ್ನ ಊಟ ಆದ್ಮೇಲೆ ಮಾತಾಡ್ತಾರೆ. ಆವಾಗ ನಮಗೆಲ್ಲ ತಲೆ ನೋಯುತ್ತೆ, ಆಮೇಲೆ ನಿದ್ದೆ ಬರುತ್ತೆ."

ಹೆದರಿಕೆಯ ಸುಳಿವೂ ಆ ದನಿಯಲ್ಲಿರಲಿಲ್ಲ. ಪಕ್ಕದ ಮನೆಯವರ ಸುದ್ದಿ ಹೇಳುವ ಹಾಗೆ ಹೇಳಿ, ಮಗು ಕಾಲು ಆಡಿಸುತ್ತ ಕೂತಿತು.

ಆ ಕ್ಲಾಸಿನ ಟೀಚರು ಮಿಸ್ ಪೆನ್ರೋಸ್. ಮದುವೆಯಾಗದ, ಅಚ್ಚುಕಟ್ಟಾದ, ಮಕ್ಕಳು ತಪ್ಪು ಮಾಡಿದರೆ ತಾನೇ ಕೆಂಪಾಗುವಂಥ ಹೆಂಗಸು. ಅದೇ ತಿಂಗಳು ಅವರು ಶಾಲಾ ಮಂಡಳಿಯ ಸಭೆಗೆ ಬಂದು, ನಮ್ಮ ಕ್ಲಾಸು ನಡೆಯುವ ಪಡುವಣ ಕೋಣೆಯಿಂದ ನಮ್ಮನ್ನು ಬೇರೆ ಕಡೆಗೆ ಕಳಿಸಿ ಎಂದು ಕೇಳಿಕೊಂಡರು. ಮಕ್ಕಳು ಮೇಜಿನ ಮೇಲೆ ತಲೆಯಿಟ್ಟರೆ ಏಳುವುದಿಲ್ಲ ಎಂದರು. ಯಾರೋ ಕೆದಕಿ ಕೇಳಿದ್ದಕ್ಕೆ, ಕಪ್ಪುಹಲಗೆಯ ಪಕ್ಕದಲ್ಲಿ ಒದ್ದೆ ಬಟ್ಟೆಯ ಗಂಡಸೊಬ್ಬ ನಿಂತಿರುತ್ತಾನೆ ಎಂದೂ ಹೇಳಿಬಿಟ್ಟರು. ಅಷ್ಟೇ ಸಾಕಾಯಿತು. ಟೀಚರಿಗೆ ನರದೌರ್ಬಲ್ಯ, ವಿಶ್ರಾಂತಿ ಬೇಕು ಎಂದು ತೀರ್ಮಾನವಾಯಿತು. ಸಭೆಯಲ್ಲಿದ್ದ ಯಾರೂ ತುಟಿ ಬಿಚ್ಚಲಿಲ್ಲ. ಮೂರನೇ ಸಾಲಿನಲ್ಲಿದ್ದ ಹಿಲ್ಯಾಳೂ ಬಿಚ್ಚಲಿಲ್ಲ. ಮಾರನೆಯ ವಾರ ಮಿಸ್ ಪೆನ್ರೋಸ್ ಪೆಟ್ಟಿಗೆ ಕಟ್ಟಿಕೊಂಡು ದೂರದ ಪೇಟೆಯಲ್ಲಿದ್ದ ಅಕ್ಕನ ಮನೆಗೆ ಹೋದರು.

ಅವರ ಜಾಗಕ್ಕೆ ಬಂದ ಹೊಸ ಟೀಚರು ಮಕ್ಕಳು ತೂಕಡಿಸಿದರೆ ಗದರುತ್ತಿದ್ದಳು, ಆಮೇಲಾಮೇಲೆ ತಾನೇ ತೂಕಡಿಸತೊಡಗಿದಳು. ಏಪ್ರಿಲ್‌ನಲ್ಲಿ ಸಿರ್ಕಾಳನ್ನು ಕೋಣೆಯಿಂದ ಎತ್ತಿಕೊಂಡು ಹೊರಗೆ ತಂದರು. ಹಿಮದ ಗಾಳಿ ತಾಗಿ ಅರ್ಧ ಗಂಟೆಯಾದ ಮೇಲೆ ಮಗು ಕಣ್ಣು ಬಿಟ್ಟಿತು. ಡಾಕ್ಟರು ರಕ್ತ ಸಾಲದು ಎಂದರು.

ಅಂದು ಸಂಜೆ ನಾಲ್ಕರ ಹೊತ್ತಿಗೆ ಹಿಲ್ಯಾ ಅಂಗಡಿ ಮುಚ್ಚಿ ಶಾಲೆಗೆ ಹೋದಳು. ಜವಾನ ಔಗುಸ್ತ್ ಬಾಗಿಲು ತೆರೆದುಕೊಟ್ಟು, ಇನ್ನೊಂದು ತುದಿಯ ಕೋಣೆಗಳನ್ನು ಗುಡಿಸಲು ಹೋದ. ಹೊರಗೆ ಇನ್ನೂ ಬೆಳಕಿತ್ತು. ಅವಳು ಬಾಗಿಲು ಹಾಕಿಕೊಂಡು ಸಿರ್ಕಾಳ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಮಡಿಸಿ ಕೂತಳು. ಚಳಿಗೆ ಕಿಟಕಿಗಳನ್ನೆಲ್ಲ ಬಿಗಿಯಾಗಿ ಬಡಿದು ಮುಚ್ಚಿದ್ದರು. ಕೋಣೆ ಬೆಚ್ಚಗಿತ್ತು. ಎಲ್ಲೋ ಕೆಳಗೆ ಟಕ್ ಟಕ್ ಎಂದು ತಟ್ಟಿದ ಸದ್ದು. ಬಿಸಿಯಾದ ಕೊಳವೆ ಇರಬೇಕು ಎಂದುಕೊಂಡಳು. ಮೊದಲು ಹಣೆ ಭಾರವಾಯಿತು. ಆಮೇಲೆ ಭಾರವೂ ಹೋಗಿ, ಕೈಕಾಲಿಗೆ ಬಿಸಿ ಹಾಲಿನಂಥ ಸುಖ ಹರಿಯಿತು.

"ಹಿಲ್ಲೀ," ಎಂದಿತು ನೆಲದ ಕಡೆಯಿಂದ ಒಂದು ದನಿ. "ಬಾರವ್ವ. ಬೂಟು ಬಿಚ್ಚು."

ಗಣಿಯಿಂದ ಬಂದ ಕೂಡಲೇ ಅಪ್ಪ ಕಾಲು ಚಾಚಿ ಹೇಳುತ್ತಿದ್ದ ಮಾತು. ಆ ಹೆಸರಿನಿಂದ ಅವಳನ್ನು ಕರೆಯುವವರು ಭೂಮಿಯ ಮೇಲೆ ಯಾರೂ ಉಳಿದಿರಲಿಲ್ಲ. ಬಂದೆ ಅಪ್ಪಾ, ಎಂದಳು ಹಿಲ್ಯಾ.

ಔಗುಸ್ತ್ ಪೊರಕೆ ಹಿಡಿದು ಬಂದಾಗ ಅವಳು ನೆಲದ ಮೇಲೆ ಅಂಗಾತ ಬಿದ್ದಿದ್ದಳು. ಎರಡೂ ಕೈಯಿಂದ ಮೇಜಿನ ಕಾಲನ್ನು ಹಿಡಿದು, ಬೂಟು ಎಳೆಯುವ ಹಾಗೆ ಎಳೆಯುತ್ತಿದ್ದಳು. ಮುಖದಲ್ಲಿ ನಗು. ಆ ನಗುವಿನ ಮಾತನ್ನು ಔಗುಸ್ತ್ ಸಾಯುವವರೆಗೂ ಹೇಳುತ್ತಿದ್ದ. ಅವಳನ್ನು ಹೊರಗೆ ಎಳೆದು ತಂದು ಮೆಟ್ಟಿಲ ಮೇಲೆ ಕೂರಿಸಿದ. ಹಿಮದ ಮೇಲೆ ವಾಂತಿ ಮಾಡಿಕೊಂಡ ಮೇಲೆ ಹಿಲ್ಯಾಗೆ ತಲೆ ತಿಳಿಯಾಯಿತು.

ಅವಳು ನೇರವಾಗಿ ಮೈದುನ ಅರ್ವೋನ ಮನೆಗೆ ಹೋದಳು. ಅರ್ವೋ ಹಿಂದೆ ಗಣಿಯ ಮೇಸ್ತ್ರಿ, ಈಗ ಶಾಲಾ ಮಂಡಳಿಯ ಅಧ್ಯಕ್ಷ. ಅವಳು ಹೇಳಿದ್ದನ್ನೆಲ್ಲ ಕೇಳಿ, ಕಾಫಿ ಬಗ್ಗಿಸಿ, ಏಲಕ್ಕಿ ಬ್ರೆಡ್ಡು ಮುಂದಿಟ್ಟ.

"ಅತ್ತಿಗೆ, ಆ ಕಟ್ಟಡದಲ್ಲಿ ಐಬಿದೆ ಅಂತ ಒಂದ್ಸಲ ಮೇಲಿನವ್ರಿಗೆ ಗೊತ್ತಾದ್ರೆ ಶಾಲೇನೇ ಮುಚ್ತಾರೆ. ಮಕ್ಕಳನ್ನ ಬಸ್ಸಿಗೆ ತುಂಬಿ ಆಚೆ ಊರಿಗೆ ಕಳಿಸ್ತಾರೆ. ಆಮೇಲೆ ಇಲ್ಲಿ ಉಳಿಯೋದು ನಾನು, ನೀನು, ಸ್ಮಶಾನ."

"ದೆವ್ವಾನೇ ಇರ್ಲಿ, ಇನ್ನೇನೇ ಇರ್ಲಿ, ಆ ಕೋಣೇಲಿ ಮಕ್ಕಳು ಕೂರಬಾರ್ದು ಅರ್ವೋ."

"ಹಾಗಾದ್ರೆ ಎಲೆಕ್ಷನ್‌ಗೆ ನಿಂತ್ಕೋ," ಎಂದ ಅವನು, ಚುಚ್ಚುವಂತೆ. "ಬಾಚಣಿಗೆ ಗುರುತು ಕೊಡಿಸ್ತೀನಿ."

ಅವಳು ನಿಂತೇಬಿಟ್ಟಳು. ಜೂನ್‌ನಲ್ಲಿ ಮಂಡಳಿಯ ಒಂದು ಸ್ಥಾನಕ್ಕೆ ಮತದಾನವಿತ್ತು. ಭಾಷಣ ಅವಳಿಗೆ ಬಾರದು. ಮನೆಮನೆಗೆ ನಡೆದಳು. ಬೀದಿಯಲ್ಲಿ ಕಂಡರೆ ಜನ ಆಚೆ ಬದಿಗೆ ದಾಟುತ್ತಿದ್ದರು, ಅಂಗಡಿಯ ಕುರ್ಚಿ ದಿನಗಟ್ಟಲೆ ಖಾಲಿ ಇರುತ್ತಿತ್ತು. ಆದರೆ ಬಾಗಿಲು ತಟ್ಟಿದರೆ ಒಳಗೆ ಕರೆಯುತ್ತಿದ್ದರು. ಕರೆದು, ಬಾಗಿಲು ಮುಚ್ಚಿ, ಪರದೆಯನ್ನೂ ಎಳೆದು, ತಮ್ಮ ಮಗು ರಾತ್ರಿ ನಿದ್ದೆಯಲ್ಲಿ ಏನನ್ನುತ್ತದೆ ಎಂದು ಪಿಸುಗುಟ್ಟುತ್ತಿದ್ದರು. ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದ ಮನೆಗಳಲ್ಲೂ ಅವಳು ಕೇಳಿದ್ದು ಅದೇ ಒಂದು ಮಾತು: ಬೂಟು ಬಿಚ್ಚು. ಕೆಲವು ಮನೆಗಳಲ್ಲಿ ಮಕ್ಕಳಿಗೆ, ಗಣಿ ಕೆಲಸಕ್ಕೆ ವಲಸೆ ಬಂದ ಅಜ್ಜಂದಿರ ಆ ಹಳೆಯ ಫಿನ್ನಿಷ್ ಭಾಷೆಯೇ ತಿಳಿಯದು. ಆದರೂ ಆ ಭಾಷೆಯಲ್ಲೇ ಆ ಎರಡು ಶಬ್ದ ಸ್ಪಷ್ಟವಾಗಿ ಹೇಳುತ್ತಿದ್ದರಂತೆ. ನಮ್ಮ ಮನೆಯದೊಂದೇ ಹೀಗೆ, ಹೊರಗೆ ಹೇಳಬೇಡ ಎಂದು ಪ್ರತಿಯೊಬ್ಬರೂ ಕೈ ಹಿಡಿದು ಕೇಳಿಕೊಂಡರು. ಅವಳು ಹೊರಗೆ ಹೇಳಲಿಲ್ಲ. ತನಗೂ ಅದೇ ಕೇಳಿಸಿತ್ತು ಎಂಬುದನ್ನೂ ಹೇಳಲಿಲ್ಲ. ಆ ಕೋಣೆಯನ್ನು ತೆರೆಸಿ ನೋಡುತ್ತೇನೆ, ಟೀಚರನ್ನು ವಾಪಸು ಕರೆಸುತ್ತೇನೆ ಎಂದಷ್ಟೇ ಹೇಳಿ ಎದ್ದು ಬರುತ್ತಿದ್ದಳು.

ಬೇಸಿಗೆ ಹತ್ತಿರವಾದಂತೆ ಶಾಲೆಯನ್ನು ಬೆಚ್ಚಗಿಡುವ ನೆಲಮಾಳಿಗೆಯ ಒಲೆ ಆರಿಸಿದರು, ದನಿಯೂ ನಿಂತಿತು. ನೋಡಿ, ಟೀಚರು ಹೋದರು, ದೆವ್ವವೂ ಹೋಯಿತು ಎಂದು ಎದುರಾಳಿಯ ಕಡೆಯವರು ನಕ್ಕರು. ಆದರೂ ಪರದೆಯ ಹಿಂದೆ ಪಿಸುಗುಟ್ಟಿದ ಬಾಯಿಗಳೆಲ್ಲ ಮತಪೆಟ್ಟಿಗೆಯಲ್ಲಿ ಮಾತಾಡಿದವು. ಹಿಲ್ಯಾ ಗೆದ್ದಳು. ಗೆದ್ದಿದ್ದಕ್ಕೆ ಯಾರೂ ಬಹಿರಂಗವಾಗಿ ಶುಭಾಶಯ ಹೇಳಲಿಲ್ಲ.

ಮೊದಲ ಸಭೆಯಲ್ಲೇ ಅವಳು, ಶಾಲೆ ತೆರೆಯುವ ಮೊದಲು ಒಂದು ದಿನ ಆ ಕಲ್ಲಿದ್ದಲಿನ ಒಲೆ ಮತ್ತೆ ಹೊತ್ತಿಸಿ ಕೋಣೆ ನೋಡೋಣ ಎಂದಳು. ಉಳಿದವರು ಅರ್ವೋನ ಮುಖ ನೋಡಿದರು. ಅವನು ಒಪ್ಪುತ್ತಾನೆಂದು ಯಾರೂ ಎಣಿಸಿರಲಿಲ್ಲ. ಬಹಳ ದಿನದಿಂದ ಒಳಗೇ ಕೊರೆಯುತ್ತಿದ್ದದ್ದು ಹೊರಬಂದ ಹಾಗೆ, "ಹೊತ್ತಿಸಿ. ಹಕ್ಕಿ ನಾನು ತರ್ತೀನಿ," ಎಂದ.

ಆಗಸ್ಟಿನ ಬಿಸಿಲಿನ ದಿನ. ಅರ್ವೋ ತನ್ನ ಮನೆಯ ಹಳದಿ ಕ್ಯಾನರಿ ಹಕ್ಕಿಯನ್ನು ಪಂಜರದ ಸಮೇತ ತಂದು ಟೀಚರ ಮೇಜಿನ ಮೇಲಿಟ್ಟ. ಗಣಿಯಲ್ಲಿ ಕೆಟ್ಟ ಗಾಳಿ ತಿಳಿಯಲು ಹಿಂದಿನವರು ಒಯ್ಯುತ್ತಿದ್ದದ್ದು ಅಂಥದೇ ಹಕ್ಕಿ. ಕಿಟಕಿ ಮುಚ್ಚಿದರು, ಔಗುಸ್ತ್ ಒಲೆ ಹೊತ್ತಿಸಿದ. ಮಂಡಳಿಯವರೆಲ್ಲ ಹೊರಗೆ ಹುಲ್ಲಿನ ಮೇಲೆ ನಿಂತು ಗಾಜಿನೊಳಗೆ ನೋಡುತ್ತಿದ್ದರು. ಹಕ್ಕಿ ಹಾಡುತ್ತಿತ್ತು. ಬೆಳಗಿನ ಅರ್ಧ ಹೊತ್ತು ಹಾಡಿತು. ಇನ್ನೇನು, ಎಲ್ಲ ಬರೀ ಭ್ರಮೆ ಎಂದು ಒಬ್ಬ ಟೋಪಿ ಹಾಕಿಕೊಳ್ಳುವಷ್ಟರಲ್ಲಿ ಹಾಡು ನಡುವೆಯೇ ನಿಂತಿತು. ಹಕ್ಕಿ ತಲೆ ಓರೆ ಮಾಡಿ ನೆಲದ ಕಡೆ ನೋಡಿತು, ಯಾರೋ ಕರೆದದ್ದನ್ನು ಆಲಿಸುವ ಹಾಗೆ. ಆಮೇಲೆ ಪಂಜರದ ಕಡ್ಡಿಯಿಂದ ಜಾರಿ ಬಿತ್ತು.

ಅರ್ವೋ ಉಸಿರು ಬಿಗಿಹಿಡಿದು ತಾನೇ ಒಳಗೆ ನುಗ್ಗಿ ಪಂಜರ ತಂದ. ಹಕ್ಕಿ ಬದುಕಲಿಲ್ಲ. ಅದನ್ನು ಅಂಗೈಯಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತವನು, "ನನಗೆ ಗೊತ್ತಿತ್ತು ಅತ್ತಿಗೆ. ಕೆಟ್ಟ ಗಾಳಿ ಇರ್ಬಹುದು ಅಂತ ಹೊಳೀತಿತ್ತು. ಗೊತ್ತಿಲ್ಲ ಅಂತ ಇದ್ದುಬಿಟ್ಟೆ," ಎಂದ.

ಪೇಟೆಯಿಂದ ಬಂದ ಕೆಲಸದವರು ಹೊಗೆಗೂಡಿನೊಳಗೆ ಇಟ್ಟಿಗೆ ಕುಸಿದು ದಾರಿ ಕಟ್ಟಿದ್ದನ್ನು ಕಂಡರು. ಹೊರಗೆ ಹೋಗಲಾಗದ ಒಲೆಯ ವಿಷಗಾಳಿ, ಬಿಸಿ ಕೊಳವೆ ಹಾಯಿಸಿದ್ದ ಕಾಲುವೆಯಲ್ಲಿ ಹರಿದು ನೇರ ಪಡುವಣ ಕೋಣೆಯ ನೆಲದಡಿ ಸೇರುತ್ತಿತ್ತು. ವಾಸನೆಯಿಲ್ಲದ ಗಾಳಿ, ತಲೆ ನೋಯಿಸುತ್ತದೆ, ನಿದ್ದೆ ತರಿಸುತ್ತದೆ, ಇಲ್ಲದ್ದನ್ನು ತೋರಿಸುತ್ತದೆ, ಕೊನೆಗೆ ಕೊಲ್ಲುತ್ತದೆ ಎಂದರು. ಹೊಗೆಗೂಡು ಹೊಸದಾಯಿತು. ಅರ್ವೋ ಹೆದರಿದಂತೆ ಶಾಲೆಯನ್ನು ಯಾರೂ ಮುಚ್ಚಲಿಲ್ಲ.

ಹಿಲ್ಯಾ ಬಸ್ಸು ಹತ್ತಿ ಮಿಸ್ ಪೆನ್ರೋಸ್‌ರನ್ನು ಹುಡುಕಿಕೊಂಡು ಹೋದಳು. ಅವರು ಅಕ್ಕನ ಬಟ್ಟೆ ಅಂಗಡಿಯಲ್ಲಿ ಗುಂಡಿ ಮಾರುತ್ತಿದ್ದರು. ಎಲ್ಲ ಕೇಳಿದರು. ಸಂತೋಷಪಡುತ್ತಾರೆ ಎಂದು ಹಿಲ್ಯಾ ಎಣಿಸಿದ್ದರೆ, ಅವರು ಗುಂಡಿಗಳನ್ನು ಬಣ್ಣ ಬಣ್ಣ ಬೇರೆ ಮಾಡುತ್ತ ಕೂತರು.

"ಗಾಳಿ ಅಂದ್ರಲ್ಲ, ಅದು ನಿಜವೇ ಇರ್ಬೇಕು. ಆದ್ರೆ ಗಾಳಿ ತನ್ನ ಹೆಸರು ಹೇಳುತ್ತಾ? ಆ ಒದ್ದೆ ಬಟ್ಟೆಯವನು ನನಗೆ ಹೆಸರು ಹೇಳಿದ್ದ."

"ಅದನ್ನ ನನಗೆ ಹೇಳ್ಬೇಡಿ," ಎಂದಳು ಹಿಲ್ಯಾ.

"ಯಾಕೆ, ಹೆದರಿಕೆನಾ?"

"ಹೆದರಿಕೆ ಅಲ್ಲ. ಮೂರು ಸಲ ಆ ಕೋಣೆಗೆ ವಾಪಸ್ ಹೋಗೋಣ ಅಂತ ಬಾಗಿಲ ತನಕ ಹೋಗಿದ್ದೆ. ನೀವು ಹೆಸರು ಹೇಳಿದ್ರೆ ಹೋಗೇಬಿಡ್ತೀನಿ."

ಮಿಸ್ ಪೆನ್ರೋಸ್ ಎದ್ದು ಬಂದು ಅವಳ ಪಕ್ಕದಲ್ಲಿ ಕೂತರು. ಆ ಹೆಸರು ಅವರ ಬಾಯಿಂದ ಮುಂದೆಂದೂ ಬರಲಿಲ್ಲ.

ಸೆಪ್ಟೆಂಬರಿನಲ್ಲಿ ಅವರು ಮೂಡಣ ಕೋಣೆಯಲ್ಲಿ ಪಾಠ ಶುರುಮಾಡಿದರು. ಹಿಲ್ಯಾ ಮುಂದೆ ಬಹಳ ವರ್ಷ ಮಂಡಳಿಯಲ್ಲಿದ್ದಳು. ಟೀಚರೊಬ್ಬರು ಏನಾದರೂ ಕಷ್ಟ ಹೇಳಿಕೊಂಡರೆ ನಗುವ ಮೊದಲು ಹೋಗಿ ನೋಡಿ ಬನ್ನಿ ಎಂಬುದು ಅವಳ ಒಂದೇ ಹಟ. ಅರ್ವೋ ಅದಕ್ಕೆ ಎದುರಾಡಲಿಲ್ಲ. ಟೀಚರು ವಾಪಸು ಬಂದ ಆ ವರ್ಷ ಚಳಿ ಬೇಗ ಬಂತು. ಊರೆಲ್ಲ ಕಿಟಕಿ ಬಡಿದು ಮುಚ್ಚಿದಾಗಲೂ ಎರಡನೇ ಕ್ಲಾಸಿನ ಕಿಟಕಿಗಳು ಒಂದೊಂದು ಗೇಣು ತೆರೆದೇ ಇದ್ದವು. ಮಕ್ಕಳು ಕೋಟು ಹಾಕಿಕೊಂಡು, ಮೂಗು ಕೆಂಪು ಮಾಡಿಕೊಂಡು, ಮಗ್ಗಿಯನ್ನು ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಿದ್ದರು. ಚಳಿಯಾಗುತ್ತೆ ಎಂದು ಒಬ್ಬ ತಾಯಿಯೂ ದೂರು ತರಲಿಲ್ಲ.