ಗಾಲಿ ಕಟ್ಟುವ ಅಕ್ಕನಾಗಮ್ಮ

ರಾರಾವಿಯಲ್ಲಿ ಹುಟ್ಟಿ ಸಿರುಗುಪ್ಪಕ್ಕೆ ಸೊಸೆಯಾಗಿ ಬಂದ ಅಕ್ಕನಾಗಮ್ಮ ಅಲ್ಲಿನ ಅಕ್ಕಿ ಗಿರಣಿಯೊಂದರಲ್ಲಿ ಹದಿನೆಂಟು ವರ್ಷ ಚೀಲದ ಬಾಯಿ ಹೊಲಿದಳು. ಎಡಗೈಯಲ್ಲಿ ಚೀಲದ ಕಿವಿ, ಬಲಗೈಯಲ್ಲಿ ದಬ್ಬಣ, ಹಲ್ಲಿನ ನಡುವೆ ಸುತಳಿ. ಅವಳು ಹೊಲಿದ ಚೀಲ ಲಾರಿಯ ಮೇಲಿಂದ ಉರುಳಿ ಬಿದ್ದರೂ ಬಾಯಿ ಬಿಡುತ್ತಿರಲಿಲ್ಲ. ಗಿರಣಿಗೆ ಹೊಲಿಗೆ ಯಂತ್ರ ಬಂದ ಮೇಲೆ ಅವಳ ಕೈಗೆ ಕೆಲಸ ಉಳಿಯಲಿಲ್ಲ. ಗಂಡ ಜಡೆಪ್ಪನೊಂದಿಗೆ ಬಳ್ಳಾರಿಗೆ ಬಂದು ಸತ್ಯನಾರಾಯಣಪೇಟೆಯಲ್ಲಿ ಎರಡು ಕೋಣೆಯ ಮನೆ ಹಿಡಿದಳು. ಜಡೆಪ್ಪ ಗೋದಾಮೊಂದಕ್ಕೆ ಕಾವಲಿಗೆ ಹೋದ. ಇವಳು ಜೀನ್ಸ್ ಹೊಲಿಯುವಲ್ಲಿ ದಾರದ ತುದಿ ಕತ್ತರಿಸುವ ಕೆಲಸಕ್ಕೆ ಸೇರಿದಳು.

ಅಲ್ಲಿಗೆ ಒಂದು ದಿನ ಹಂಪೇಶ್ ಎಂಬವನು ಚಿಂದಿ ಕೇಳಿಕೊಂಡು ಬಂದ. ಬ್ರೂಸ್‌ಪೇಟೆಯ ಓಣಿಯೊಂದರಲ್ಲಿ ಅವನದು ಹಳೆಯ ಅಲಾಯ್ ಗಾಲಿಗಳ ಅಂಗಡಿ. ಫೋನಿನಲ್ಲಿ ಚಿತ್ರ ಹಾಕಿ ಹುಬ್ಬಳ್ಳಿ, ಕೊಲ್ಹಾಪುರ, ನೆಲ್ಲೂರಿನವರಿಗೂ ಮಾರುತ್ತಿದ್ದ. ಆದರೆ ಕಳಿಸಿದ್ದರಲ್ಲಿ ಎಷ್ಟೋ ಗಾಲಿಗಳು ಅಂಚು ಮುಕ್ಕಾಗಿ ವಾಪಸ್ ಬರುತ್ತಿದ್ದವು. ಅಕ್ಕನಾಗಮ್ಮ ಚಿಂದಿಯ ಗಂಟನ್ನು ಹೊಲಿದು ಮುಂದಕ್ಕೆ ತಳ್ಳಿದ್ದನ್ನು ಅವನು ನಿಂತು ನೋಡಿದ.

“ಯಕ್ಕಾ, ಕಾರಿನ ಗಾಲಿನೂ ಹಿಂಗ ಕಟ್ಟಾಕ ಬರ್ತೈತೇನು ನಿಂಗ?”

“ಗಾಲಿ ನೋಡ್ದ ಹೆಂಗ ಹೇಳ್ಲೆಪ್ಪಾ?”

ಸಂಜೆ ಅಂಗಡಿಗೆ ಹೋದಳು. ಒಂದು ಗಾಲಿಯನ್ನು ನೆಲದ ಮೇಲೆ ಹೊರಳಿಸಿ, ತಟ್ಟಿ, “ಇದು ಎಲ್ಲಿ ಒಡಿತೈತಿ?” ಎಂದು ಕೇಳಿದಳು. ಹಂಪೇಶ್ ಅಂಚು ತೋರಿಸಿದ. ಮರುವಾರದಿಂದ ಅವಳು ಅಲ್ಲೇ ಕೆಲಸಕ್ಕೆ ನಿಂತಳು.

ಅವಳ ರೀತಿ ಬೇಗ ಕುದುರಿತು. ಗಾಲಿ ತೊಳೆದು, ಪೂರ್ತಿ ಒಣಗಿಸಿ, ಸಮತೂಕಕ್ಕೆಂದು ಅಂಟಿಸಿದ ಸೀಸದ ತುಂಡುಗಳನ್ನು ಕೀಳುವಳು. ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಅಂಚಿನ ಸುತ್ತ ಬಿಗಿಯುವಳು. ಮುಖಕ್ಕೆ ಜೀನ್ಸ್ ಬಟ್ಟೆಯ ಮೆತ್ತೆ, ಅದರ ಮೇಲೆ ದುಂಡಗೆ ಕತ್ತರಿಸಿದ ರಟ್ಟು. ನಟ್ಟುಗಳನ್ನು ಬೇರೆ ಚೀಲಕ್ಕೆ ಹಾಕಿ ನಡುವಿನ ತೂತಿನಲ್ಲಿ ಅಲುಗದಂತೆ ಕಟ್ಟುವಳು. ರಟ್ಟಿನ ಡಬ್ಬಿಯೊಳಗಿಟ್ಟು ಅಲ್ಲಾಡಿಸಿ ಕಿವಿಗೊಟ್ಟು, ಸ್ವಲ್ಪ ಸದ್ದು ಕೇಳಿದರೂ ಮತ್ತೆ ಬಿಚ್ಚುವಳು. ಎಲ್ಲ ಸರಿಯಾದ ಮೇಲೆ ಹೊರಗೆ ಗೋಣಿ ಸುತ್ತಿ ದಬ್ಬಣದ ಹೊಲಿಗೆ. ಎಂಟು ತಿಂಗಳು ಒಂದು ದೂರೂ ಬರಲಿಲ್ಲ.

ಒಂಬತ್ತನೆಯ ತಿಂಗಳು ಕುರುಗೋಡಿನಿಂದ ಬಂತು. ಮದುವೆಗಳಿಗೆ ಕಾರು ಬಾಡಿಗೆ ಕೊಡುವ ಹಾಲಸಿದ್ದಪ್ಪ ನಾಲ್ಕು ಗಾಲಿ ಕೊಂಡಿದ್ದ. ಬಸ್ಸಿಗೆ ಹಾಕಿ ಕಳಿಸಿದ್ದರು. ಒಂದರ ಮುಖದ ಮೇಲೆ ಬೆರಳುದ್ದದ ಗೀರು. ಫೋನಿನಲ್ಲಿ ಅದರ ಚಿತ್ರ ನೋಡಿ ಹಂಪೇಶ್ ಕೈ ಝಾಡಿಸಿದ.

“ಬಸ್ಸಿನಾಗ ಇಳಿಸೋವಾಗ ಒಗದಿರ್ತಾರ. ಹಂಗಂತ ಹೇಳಿಬಿಡೂಣು.”

“ನೋಡ್ದ ಹೆಂಗ ಹೇಳ್ತಿ? ಕುರುಗೋಡೇನು ದೂರೈತಾ? ನಾನು ಹೋಗಿಬರ್ತೀನಿ.”

ಮರುದಿನ ಬೆಳಿಗ್ಗೆ ದಬ್ಬಣ, ಸುತಳಿ ಕೈಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ಹಾಲಸಿದ್ದಪ್ಪ ಸಿಟ್ಟಿನಲ್ಲೇ ಇದ್ದ. ಆದರೆ ಬಂದವಳು ಅಂಗಡಿಯ ಮಾತುಗಾರನಲ್ಲ, ಐವತ್ತು ದಾಟಿದ ಹೆಂಗಸು ಎಂದು ಕಂಡು ಒಳಗೆ ಕರೆದ. ಡಬ್ಬಿ, ಬಟ್ಟೆ, ಗೋಣಿ ಎಲ್ಲವನ್ನೂ ಎಸೆಯದೆ ಕಾರಿನ ಶೆಡ್ಡಿನಲ್ಲಿ ಇಟ್ಟಿದ್ದ.

ಅಕ್ಕನಾಗಮ್ಮ ಮೊದಲು ಡಬ್ಬಿಯ ಮೂಲೆಗಳನ್ನು ಸವರಿದಳು. ಒಂದೂ ಜಜ್ಜಿರಲಿಲ್ಲ. ಗೋಣಿ ಎಲ್ಲಿಯೂ ಹರಿದಿರಲಿಲ್ಲ. ಎತ್ತಿ ಒಗೆದ ಗುರುತು ಹೊರಗೆ ಇಲ್ಲವೆಂದರೆ ಕೆಡುಕು ಒಳಗೇ ಆಗಿರಬೇಕು. ನೆಲದ ಮೇಲೆ ಕುಳಿತು ಮೆತ್ತೆಯ ಬಟ್ಟೆಯನ್ನು ಒಂದೊಂದೇ ತುಂಡಾಗಿ ಹಿಂಡಿ ನೋಡತೊಡಗಿದಳು. ಏಳನೆಯದೋ ಎಂಟನೆಯದೋ ತುಂಡಿನಲ್ಲಿ ಏನೋ ಬೆರಳಿಗೆ ಚುಚ್ಚಿತು. ಪ್ಯಾಂಟಿನ ಜೇಬಿನ ಮೂಲೆಗೆ ಹೊಡೆಯುವ ತಾಮ್ರದ ರಿವಿಟ್.

ಆ ವಾರ ಹೊಸ ಚಿಂದಿ ಸಿಕ್ಕಿರಲಿಲ್ಲ. ಹೊಲಿಗೆ ಕೆಟ್ಟು ಬದಿಗಿಟ್ಟ ಪ್ಯಾಂಟುಗಳನ್ನು ತಂದು ಕತ್ತರಿಸಿದ್ದಳು. ಗುಂಡಿಗಳನ್ನೆಲ್ಲ ಕಿತ್ತಿದ್ದಳು, ಇದೊಂದು ಕಣ್ಣು ತಪ್ಪಿಸಿತ್ತು. ಬಸ್ಸು ಕುಲುಕಿದ ಹಾಗೆಲ್ಲ ಅದು ಗಾಲಿಯ ಮುಖದ ಮೇಲೆ ಉಜ್ಜಿತ್ತು. ರಿವಿಟ್ಟನ್ನು ಗೀರಿನ ಮೇಲೆ ಇಟ್ಟು ನೋಡಿದಳು. ಸರಿಯಾಗಿ ಕೂತಿತು. ಹಾಲಸಿದ್ದಪ್ಪ ಚಹಾ ತರಿಸಲು ಹೊರಗೆ ಹೋಗಿದ್ದ. ರಿವಿಟ್ ಅವಳ ಅಂಗೈಯಲ್ಲೇ ಇತ್ತು. ಅವನು ಬರುವ ತನಕ ಅವಳು ಹಾಗೇ ಕೂತಿದ್ದಳು.

“ಅಣ್ಣಾ, ತಪ್ಪು ನಂದು. ಇದು ಬಟ್ಟ್ಯಾಗ ಉಳಿದಿತ್ತು, ನಾನು ನೋಡಲಿಲ್ಲ. ಬಸ್ಸಿನವ್ರು ಏನೂ ಮಾಡಿಲ್ಲ.”

ಹಾಲಸಿದ್ದಪ್ಪ ರಿವಿಟ್ಟನ್ನು ತಿರುಗಿಸಿ ನೋಡಿದ. “ಇಷ್ಟು ಸಣ್ಣದು ಅಷ್ಟುದ್ದ ಗೀರೈತಲ್ಲವಾ!” ಎಂದ. ಆಮೇಲೆ, “ಚಾ ಕುಡೀರಿ ಮೊದ್ಲು, ಆರ್ತೈತಿ” ಎಂದ.

ಬದಲಿಗೆ ಬೇರೆ ಗಾಲಿ ಕಳಿಸುವುದಾಗಿ ಹೇಳಿ, ಅಲ್ಲೇ ಕುಳಿತು ಗೀರು ಬಿದ್ದ ಗಾಲಿಯನ್ನು ಮತ್ತೆ ಕಟ್ಟಿ ಹೊಲಿದು, ತನ್ನ ಜೊತೆಗೇ ಬಸ್ಸಿನಲ್ಲಿ ಬಳ್ಳಾರಿಗೆ ತಂದಳು. ನಡೆದದ್ದನ್ನು ಕೇಳಿ ಹಂಪೇಶ್ ಮುಖ ಗಂಟಿಕ್ಕಿದ.

“ಎಲ್ಲಾ ಬಾಯಿಬಿಟ್ಟು ಹೇಳಿಬಂದ್ಯಾ?”

“ಹೇಳೀನಿ. ಆ ನಾಲ್ಕರ ಜೋಡಿದೇ ಐದನೇದು, ಸ್ಟೆಪ್ನಿ ಗಾಲಿ, ಅಟ್ಟದ ಮ್ಯಾಗ ಐತಲ್ಲ, ಇಳಸು. ಕಟ್ತೀನಿ.”

ಎರಡು ದಿನ ಅವನು ಸಿಡಿಮಿಡಿಗೊಂಡೇ ಓಡಾಡಿದ. ಅಷ್ಟರಲ್ಲಿ ಸ್ಟೆಪ್ನಿ ಗಾಲಿ ಕುರುಗೋಡಿಗೆ ಹೋಗಿ ತಲುಪಿತು. ಮೂರನೆಯ ದಿನ ಹಂಪೇಶ್ ಹಳೆಯ ಸ್ಪೀಕರಿನೊಳಗಿನ ದೊಡ್ಡ ಅಯಸ್ಕಾಂತ ತಂದು ಅವಳ ಮುಂದಿಟ್ಟ: “ಬಟ್ಟಿ ಮ್ಯಾಲೆ ಆಡ್ಸು, ಏನಿದ್ರೂ ಹಿಡಿತೈತಿ.” ಅಕ್ಕನಾಗಮ್ಮ ಕುರುಗೋಡಿನ ರಿವಿಟ್ಟನ್ನು ಅದಕ್ಕೆ ತಾಗಿಸಿ ತೋರಿಸಿದಳು. ತಾಮ್ರ, ಅದು ಹಿಡಿಯಲಿಲ್ಲ. ಹಂಪೇಶ್ ನಕ್ಕುಬಿಟ್ಟ. ಅವಳಿಗೂ ನಗು ಬಂತು.

ಕೈಯಿಂದ ಹಿಂಡಿ ನೋಡುವುದಕ್ಕೆ ಹೊತ್ತು ಹಿಡಿಯುತ್ತದೆ. ಅದಕ್ಕೆಂದೇ ಜೀನ್ಸ್ ಕೆಲಸದಲ್ಲಿ ಜೊತೆಗಿದ್ದ ಸುವರ್ಣಮ್ಮನನ್ನು ಅಂಗಡಿಗೆ ಕರೆಸಿಕೊಂಡಳು. ಈಗ ಬೆಳಿಗ್ಗೆ ಒಬ್ಬಳು ಬಟ್ಟೆ ಹಿಂಡುತ್ತಾಳೆ, ಇನ್ನೊಬ್ಬಳು ಟ್ಯೂಬು ಸೀಳುತ್ತಾಳೆ. ಮಧ್ಯಾಹ್ನದೊಳಗೆ ನಾಲ್ಕು ಗಾಲಿ ಕಟ್ಟಿ ಮುಗಿದರೆ ಆ ದಿನ ಬೇಗ ಮನೆಗೆ.