ಪೈಪು ಹಿಡಿದು ಸಭೆಗೆ ಬಂದ ಮಾಲಕಿ

ಒಂದು ಕಪ್ ಚಹಾದ ದುಡ್ಡಿಗೆ ಎರಡು ಷೇರು ಬರುವ ಕಂಪನಿಯೊಂದಕ್ಕೆ ನಾನೂ ಮಾಲೀಕ. (ನಗಬೇಡಿ. ಷೇರು ಇದ್ದವರೆಲ್ಲ ಲೆಕ್ಕದಲ್ಲಿ ಮಾಲೀಕರೇ.) ಷೇರುಪೇಟೆಯವರು ಇಂಥದನ್ನು ಪೆನ್ನಿ ಸ್ಟಾಕ್ ಎಂದು ಮೂಗು ಮುರಿಯುತ್ತಾರೆ. ಹಗರಿಬೊಮ್ಮನಹಳ್ಳಿ ಆಚೆ ಫ್ಯಾಕ್ಟರಿ. ತೋಟಕ್ಕೆ ಹಾಕುವ ಡ್ರಿಪ್ ಪೈಪು ತಯಾರಿಸುತ್ತಾರೆ.

ಕಳೆದ ವರ್ಷ ಅವರ ವಾರ್ಷಿಕ ಸಭೆಯ ನೋಟಿಸ್ ಬಂತು. ಕೊಟ್ಟೂರಿನಲ್ಲಿ ಬೆಳಗಿನ ಬಸ್ ಹತ್ತಿದೆ. ಯಾಕೆ ಹೋದೆ? ಸತ್ಯ ಹೇಳುತ್ತೇನೆ, ರೇಟು ಯಾವಾಗ ಏರುತ್ತದೆ ಎಂದು ಕೇಳಲು.

ಸಭೆ ನಡೆದದ್ದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ. ಬಂದ ಷೇರುದಾರರು ಆರೇ ಜನ. ಅಧಿಕಾರಿಯೊಬ್ಬರು ನಿರ್ಣಯಗಳನ್ನು ಇಂಗ್ಲಿಷಿನಲ್ಲಿ ಓದಿದರು, ಕಂಡಕ್ಟರ್ ಊರುಗಳ ಹೆಸರು ಕೂಗುವ ವೇಗದಲ್ಲಿ. ನಾವು ಕೈ ಎತ್ತಿದೆವು. ಯಾವುದಕ್ಕೆ? ನನಗಂತೂ ತಿಳಿಯಲಿಲ್ಲ. ಲಾಭ ಕುಸಿದದ್ದಕ್ಕೆ ‘ಮಾರುಕಟ್ಟೆ ಪರಿಸ್ಥಿತಿ’ ಕಾರಣ ಎಂದು ವರದಿಯಲ್ಲಿತ್ತು. ಅಷ್ಟಕ್ಕೇ ಚೇರ್ಮನ್ನರು ವಂದನೆ ಹೇಳಲು ಎದ್ದರು.

ನನ್ನ ಪಕ್ಕದ ಹೆಂಗಸೂ ಎದ್ದರು. ಹೆಸರು ಹಾಲಮ್ಮ. ಹಡಗಲಿ ಹತ್ತಿರ ಮಲ್ಲಿಗೆ ತೋಟ. ಮೊಗ್ಗು ಬಿಡಿಸುವ ಕೆಲಸವನ್ನು ಸೊಸೆಗೆ ಒಪ್ಪಿಸಿ ಬಂದಿದ್ದರು. ಚೀಲದಿಂದ ಒಂದು ಮೊಳ ಪೈಪು ತೆಗೆದು ಮೇಜಿನ ಮೇಲಿಟ್ಟರು. ಅದರ ಉದ್ದಕ್ಕೂ ಬಿರುಕು.

“ಸಾವ್ಕಾರ್ರ, ನಿಮ್ಮ ಹಳೇ ಪೈಪು ಐದು ಬ್ಯಾಸಗಿ ತಾಳಿದ್ವು. ಇದು ಎರಡಕ್ಕ ಸೀಳಿ ಹೋಗೈತಿ. ಯಾಕ?”

ಅಧಿಕಾರಿ ತಡೆದರು. ಇದು ಗ್ರಾಹಕರ ದೂರು, ಡೀಲರ್ ಹತ್ತಿರ ಹೇಳಬೇಕು, ಇಲ್ಲಿ ಷೇರುದಾರರ ವಿಷಯ ಮಾತ್ರ ಎಂದರು.

“ಗಿರಾಕಿಯಾಗಿ ಅಂಗಡ್ಯಾಗ ಕೇಳಿದ್ದಾತ್ರಿ. ಇಲ್ಲಿಗೆ ಮಾಲಕಿಯಾಗಿ ಬಂದೀನಿ.”

ಚೇರ್ಮನ್ನರು ಪೈಪು ಕೈಗೆತ್ತಿಕೊಂಡು ಬಗ್ಗಿಸಿದರು. ಲಟಕ್ಕನೆ ಮುರಿಯಿತು. ಅವರ ಮುಖ ಸಣ್ಣಗಾಯಿತು. ಮತ್ತೆ ಕುಳಿತು, ಈ ಸಲ ಕನ್ನಡದಲ್ಲೇ, ಎಲ್ಲ ಹೇಳಿದರು. ಖರ್ಚು ಉಳಿಸಲು ಅಗ್ಗದ ಕಚ್ಚಾಮಾಲು ಬೆರೆಸಿದ್ದರಂತೆ. ವಾಪಸು ಬಂದ ಪೈಪು ಗೋದಾಮಿನಲ್ಲಿ ಗುಡ್ಡೆ ಬಿದ್ದಿದೆಯಂತೆ. ವರದಿಯಲ್ಲಿ ಬರೆಯಲು ಧೈರ್ಯ ಸಾಲಲಿಲ್ಲವಂತೆ. ಆಮೇಲೆ ನಮ್ಮ ಆರೂ ಜನರನ್ನು ಗೋದಾಮಿಗೆ ಕರೆದೊಯ್ದು ತೋರಿಸಿದರು. (ಮಧ್ಯಾಹ್ನ ಕಾರ್ಮಿಕರ ಜತೆ ರೊಟ್ಟಿ, ಹೆಸರುಕಾಳು ಪಲ್ಯ. ಚೆನ್ನಾಗಿತ್ತು.) ರೇಟಿನ ಪ್ರಶ್ನೆ ಕೇಳಲು ನನಗೆ ನಾಚಿಕೆಯಾಯಿತು.

ಈ ವರ್ಷದ ನೋಟಿಸ್ ಕಳೆದ ತಿಂಗಳು ಬಂತು. ಜತೆಗೆ ಕನ್ನಡದ ಒಂದು ಪುಟ. ಎಲ್ಲಿ ತಪ್ಪಿದೆವು, ಏನು ಸರಿಪಡಿಸಿದೆವು, ಯಾವುದು ಇನ್ನೂ ಆಗಿಲ್ಲ, ಎಲ್ಲ ಬಿಡಿಸಿ ಬರೆದಿದ್ದರು. ಸಭೆಯ ಹೊತ್ತೂ ಬದಲಾಗಿತ್ತು. ಬೆಳಗ್ಗೆ ಹತ್ತಲ್ಲ, ಮಧ್ಯಾಹ್ನ ಮೂರು. ಹೂವಿನವರಿಗೆ ಬಿಡುವಾಗುವ ಹೊತ್ತು ಅದೇ ತಾನೇ?

ಮೊನ್ನೆ ಹೋದರೆ ಕ್ಯಾಂಟೀನಿನಲ್ಲಿ ಕುರ್ಚಿ ಸಾಲಲಿಲ್ಲ. ಕೂಡ್ಲಿಗಿ, ಹರಪನಹಳ್ಳಿ ಕಡೆಯವರೂ ಬಂದಿದ್ದರು. ಹಾಲಮ್ಮ ಸೊಸೆಯನ್ನೂ ಕರೆತಂದಿದ್ದರು. ಅತ್ತೆ-ಸೊಸೆ ಇಬ್ಬರೂ ಹೊಸ ಪೈಪನ್ನು ನೆಲಕ್ಕೆ ಹಾಕಿ ತುಳಿದರು, ತಿರುಚಿದರು, ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರು. ಆಗಲೇ ಚೇರ್ಮನ್ನರು ನೆಮ್ಮದಿಯ ಉಸಿರು ಬಿಟ್ಟದ್ದು.

ಸಣ್ಣ ಕಂಪನಿಗೆ ಷೇರುದಾರರ ಮೇಲೆ ಗೌರವ ಹುಟ್ಟುವುದು ಹೇಗೆ? ಕಾನೂನಿನ ಭಯದಿಂದಲೇ? ಒಳ್ಳೆಯ ಮನಸ್ಸಿನಿಂದಲೇ? ಹೊರಡುವಾಗ ಚೇರ್ಮನ್ನರನ್ನೇ ಕೇಳಿದೆ.

“ರೇಟು ಕೇಳಾಕ ದಿನಾ ಫೋನ್ ಬರ್ತಾವ್ರಿ,” ಎಂದರು. “ಪೈಪು ಹೆಂಗೈತಿ ಅಂತ ಕೇಳಿದ್ದು ಆಯಮ್ಮ ಒಬ್ಬರೇ.”

ಷೇರಿನ ಬೆಲೆ ಹೇಳಿಕೊಳ್ಳುವಷ್ಟೇನೂ ಏರಿಲ್ಲ. ನಾನು ಮಾರಿಯೂ ಇಲ್ಲ.

ಅಂದಹಾಗೆ, ನಿಮ್ಮ ಮೊಬೈಲಿನಲ್ಲಿ ದಿನಕ್ಕೆ ಹತ್ತು ಸಲ ರೇಟು ನೋಡುತ್ತೀರಲ್ಲ, ಆ ಕಂಪನಿ ತಯಾರಿಸುವುದಾದರೂ ಏನು?